ನ್ಯೂಜಿಲೆಂಡಿನ ಸಣ್ಣ ಕಂಪನಿ ಆಸ್ಟ್ರೇಲಿಯಾದ ಷೇರುಪೇಟೆಯಲ್ಲಿ ಬಂಡವಾಳ ಸಂಗ್ರಹಿಸುವುದು ಸೂಕ್ತವೇ?

ಪ್ರಶ್ನೆ (ಆಕ್ಲೆಂಡ್‌ನಿಂದ)

ಮಾನ್ಯರೇ, ನಾನು ಇಲ್ಲಿನ ಸಾಫ್ಟ್‌ವೇರ್ ಕಂಪನಿಯೊಂದರ ಹಣಕಾಸು ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ನಮ್ಮ ಗ್ರಾಹಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಸ್ಟ್ರೇಲಿಯಾದವರು. ಲಾಭ ಇನ್ನೂ ಕೈಗೆ ಬಂದಿಲ್ಲ. ವ್ಯವಹಾರ ವಿಸ್ತರಿಸಲು ಸುಮಾರು 2 ಕೋಟಿ ಡಾಲರ್ ಬೇಕಾಗಿದೆ. ಇಲ್ಲಿನ ಷೇರುಪೇಟೆಯಾದ ಎನ್‌ಝಡ್‌ಎಕ್ಸ್‌ನಲ್ಲಿ ಅಷ್ಟು ಹಣ ಹುಟ್ಟುವುದು ಕಷ್ಟವೆಂದು ನಿರ್ದೇಶಕರು ನೇರವಾಗಿ ಆಸ್ಟ್ರೇಲಿಯಾದ ಷೇರುಪೇಟೆಯಾದ ಸಿಡ್ನಿಯ ಎಎಸ್‌ಎಕ್ಸ್‌ಗೆ ಹೋಗುವ ಆಲೋಚನೆಯಲ್ಲಿದ್ದಾರೆ. ಈ ದಾರಿಯಲ್ಲಿ ನಡೆದು ಬಂದವರು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಸಿಡ್ನಿಯಿಂದ)

ನಿಮ್ಮ ನಿರ್ದೇಶಕರ ಆಲೋಚನೆಗೆ ಗಟ್ಟಿಯಾದ ಆಧಾರವಿದೆ. ಆಸ್ಟ್ರೇಲಿಯಾದಲ್ಲಿ 1992ರಿಂದ ಪ್ರತಿಯೊಬ್ಬ ಉದ್ಯೋಗದಾತನೂ ನೌಕರರ ನಿವೃತ್ತಿ ನಿಧಿಗೆ ಕಡ್ಡಾಯವಾಗಿ ಹಣ ಕಟ್ಟಬೇಕು. 2025ರ ಜುಲೈನಿಂದ ಅದು ಸಂಬಳದ ಶೇ. 12. ಹೀಗೆ ಕೂಡಿದ ಮೊತ್ತ ಈಗ 4 ಲಕ್ಷ ಕೋಟಿ ಆಸ್ಟ್ರೇಲಿಯನ್ ಡಾಲರ್ ದಾಟಿದ್ದು, ಅದರ ದೊಡ್ಡ ಪಾಲು ಷೇರುಗಳಲ್ಲಿ ತೊಡಗುತ್ತದೆ. ಇಂಥದ್ದೇ ನಿವೃತ್ತಿ ಉಳಿತಾಯ ಯೋಜನೆಯಾದ ನ್ಯೂಜಿಲೆಂಡಿನ ಕಿವಿಸೇವರ್ ಶುರುವಾದದ್ದೇ 2007ರಲ್ಲಿ. ವೆಲಿಂಗ್ಟನ್ನಿನ ಲೆಕ್ಕಪತ್ರ ಸಾಫ್ಟ್‌ವೇರ್ ಕಂಪನಿ ಝೀರೋ (Xero) ಆ ವರ್ಷ ಎನ್‌ಝಡ್‌ಎಕ್ಸ್‌ನಲ್ಲಿ 1.5 ಕೋಟಿ ಡಾಲರ್ ಸಂಗ್ರಹಿಸಿ, 2012ರಲ್ಲಿ ಎಎಸ್‌ಎಕ್ಸ್‌ಗೂ ಬಂದು, 2018ರಲ್ಲಿ ತವರಿನ ಪೇಟೆಯನ್ನೇ ಬಿಟ್ಟಿತು. ಆಸ್ಟ್ರೇಲಿಯಾದ ಷೇರು ಸೂಚ್ಯಂಕಗಳಲ್ಲಿ ಸೇರಿದರೆ, ಆ ಸೂಚ್ಯಂಕಗಳನ್ನು ಅನುಸರಿಸಿ ಹೂಡುವ ದೊಡ್ಡ ನಿಧಿಗಳು ತಾವಾಗಿ ಕೊಳ್ಳುತ್ತವೆಂಬ ಲೆಕ್ಕಾಚಾರ ಅದರ ಹಿಂದಿತ್ತು.

ಪ್ರವೇಶದ ಷರತ್ತುಗಳು ನಿಮಗೆ ಎಟುಕುವಂಥವೇ. ಲಾಭವಿಲ್ಲದ ಕಂಪನಿಗೆ 40 ಲಕ್ಷ ಡಾಲರ್ ನಿವ್ವಳ ಭೌತಿಕ ಆಸ್ತಿ (ಸಾಲಗಳನ್ನೂ, ಹೆಸರಿನ ಮೌಲ್ಯದಂಥ ಅಮೂರ್ತ ಆಸ್ತಿಗಳನ್ನೂ ಕಳೆದು ಉಳಿಯುವ ಆಸ್ತಿ) ಅಥವಾ 1.5 ಕೋಟಿ ಡಾಲರ್ ಮಾರುಕಟ್ಟೆ ಮೌಲ್ಯ ಇರಬೇಕು. ತಲಾ ಕನಿಷ್ಠ 2,000 ಡಾಲರ್ ಮೌಲ್ಯದ ಷೇರು ಹೊಂದಿರುವ, ಕಂಪನಿಗೆ ಸಂಬಂಧಪಡದ 300 ಹೂಡಿಕೆದಾರರೂ ಇರಬೇಕು. ನಿಜವಾದ ಅನುಕೂಲ ಇರುವುದು ಆಮೇಲೆ: 10 ಕೋಟಿ ಷೇರುಗಳಿರುವ ಕಂಪನಿ 12 ತಿಂಗಳಲ್ಲಿ ಶೇ. 15ರವರೆಗೆ, ಎಂದರೆ 1.5 ಕೋಟಿ ಷೇರುಗಳನ್ನು, ಷೇರುದಾರರ ಸಭೆ ಕರೆಯದೆಯೇ ಹೊಸದಾಗಿ ಮಾರಬಹುದು. ಬೆಳೆಯುವ ಕಂಪನಿಗೆ ಎರಡನೆಯ, ಮೂರನೆಯ ಸುತ್ತಿನ ಹಣವೇ ಮುಖ್ಯ.

ಉತ್ತರ 2 (ವೆಲಿಂಗ್ಟನ್‌ನಿಂದ)

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಒಳಹೊಕ್ಕ ಮೇಲಿನ ಶಿಸ್ತಿನ ಬಗ್ಗೆ ಎಚ್ಚರಿಸಬೇಕೆನಿಸುತ್ತದೆ. ಲಾಭದ ಮಾನದಂಡದಡಿ ಪ್ರವೇಶ ಪಡೆಯದ ಕಂಪನಿಯ ಸ್ಥಾಪಕರ ಷೇರುಗಳನ್ನು ಸಾಮಾನ್ಯವಾಗಿ 24 ತಿಂಗಳು ಮಾರುವಂತಿಲ್ಲ. ನಿಮ್ಮಂಥ ಕಂಪನಿ ಪ್ರತಿ ತ್ರೈಮಾಸಿಕ ಮುಗಿದ ಒಂದು ತಿಂಗಳೊಳಗೆ 4ಸಿ ನಮೂನೆಯಲ್ಲಿ ನಗದು ಹರಿವಿನ ವರದಿ ಕೊಡಬೇಕಾಗಬಹುದು. ಕೈಯಲ್ಲಿರುವ ಹಣ ಇನ್ನು ಎಷ್ಟು ತ್ರೈಮಾಸಿಕಕ್ಕೆ ಸಾಕೆಂಬುದನ್ನು ಅದರಲ್ಲಿ ಬರೆಯಲೇಬೇಕು, ಎರಡಕ್ಕಿಂತ ಕಡಿಮೆಯಾದರೆ ಮುಂದಿನ ದಾರಿಯನ್ನು ಎಲ್ಲರ ಮುಂದೆ ವಿವರಿಸಬೇಕು.

ನಾನು ಹಿಂದೆ ಕೆಲಸ ಮಾಡಿದ ಕಂಪನಿಯೊಂದರಲ್ಲಿ, ಒಬ್ಬ ಗ್ರಾಹಕರ ಪಾವತಿ ತಪ್ಪು ತ್ರೈಮಾಸಿಕದಲ್ಲಿ ಸೇರಿಹೋದದ್ದು ವರದಿ ಪ್ರಕಟವಾದ ಮರುದಿನ ಬೆಳಿಗ್ಗೆ ನಮ್ಮ ಕಣ್ಣಿಗೆ ಬಿತ್ತು. ಸಿಡ್ನಿಯ ಪೇಟೆ ತೆರೆಯುವ ಹತ್ತು ಗಂಟೆ ನಮ್ಮ ಗಡಿಯಾರದಲ್ಲಿ ಹನ್ನೆರಡು. ಆ ಎರಡು ಗಂಟೆಯ ಅಂತರದಲ್ಲಿ ನಮ್ಮ ಷೇರಿನ ವಹಿವಾಟನ್ನು ತಾತ್ಕಾಲಿಕವಾಗಿ ತಡೆಯಲು ಕೋರಿ, ತಿದ್ದುಪಡಿ ಬರೆದು, ನಿರ್ದೇಶಕರ ಒಪ್ಪಿಗೆ ಪಡೆದದ್ದನ್ನು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಷೇರಿನ ಬೆಲೆಗಿಂತ ಹೂಡಿಕೆದಾರರ ನಂಬಿಕೆ ಚೇತರಿಸಿಕೊಳ್ಳಲು ಹೆಚ್ಚು ಕಾಲ ಹಿಡಿಯಿತು. ಆದ್ದರಿಂದ ಷೇರು ಬಿಡುಗಡೆಗೆ ಒಂದು ವರ್ಷ ಮೊದಲೇ, ಹೊರಗಿನವರಿಗೆ ಕೊಡುತ್ತಿದ್ದೇವೆಂಬಂತೆಯೇ ಈ ತ್ರೈಮಾಸಿಕ ವರದಿಯನ್ನು ಒಳಗೊಳಗೇ ತಯಾರಿಸಿ ನೋಡಿ.

ಪ್ರಶ್ನಿಸಿದವರು

ಇಬ್ಬರಿಗೂ ಕೃತಜ್ಞತೆಗಳು. ಎರಡೂ ಪೇಟೆಗಳಲ್ಲಿ ಇರುವುದು ಹೊರೆಯಾಗುವುದಿಲ್ಲವೇ?

ಉತ್ತರ 1 (ಸಿಡ್ನಿಯಿಂದ)

ಮೊದಲಿನಷ್ಟಿಲ್ಲ. ಎನ್‌ಝಡ್‌ಎಕ್ಸ್ ಮುಖ್ಯ ಪಟ್ಟಿಯಲ್ಲಿರುವ ಕಂಪನಿಗೆ ಎಎಸ್‌ಎಕ್ಸ್‌ನಲ್ಲಿ ವಿದೇಶಿ ವಿನಾಯಿತಿ ವರ್ಗವಿದೆ. ಬಹುಪಾಲು ತವರಿನ ನಿಯಮಗಳನ್ನೇ ಪಾಲಿಸುತ್ತ, ಅಲ್ಲಿ ಪ್ರಕಟಿಸಿದ್ದನ್ನು ಇಲ್ಲಿಯೂ ಕೂಡಲೇ ಪ್ರಕಟಿಸಿದರಾಯಿತು. ಆದರೂ ಹೊಸದಾಗಿ ಹೊರಡುತ್ತಿರುವ ನಿಮಗೆ ನಾನು ಒಂದೇ ಪೇಟೆಯನ್ನು ಸೂಚಿಸುತ್ತೇನೆ, ಏಕೆಂದರೆ ಮೊದಲೇ ತೆಳುವಾಗಿರುವ ವಹಿವಾಟು ಎರಡು ಕಡೆ ಹರಿದು ಹಂಚಿಹೋಗುತ್ತದೆ. ನಿರ್ಧರಿಸುವ ಮುನ್ನ ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನಿಮ್ಮ ಕಂಪನಿಯ ಬಗ್ಗೆ ನಿಯಮಿತವಾಗಿ ವಿಶ್ಲೇಷಣೆ ಬರೆಯಲು ಒಪ್ಪುವ ಇಬ್ಬರು ಬ್ರೋಕರ್‌ಗಳಾದರೂ ಸಿಗುತ್ತಾರೆಯೇ ಎಂದು ವಿಚಾರಿಸಿ. ಸಿಗದಿದ್ದರೆ ಇನ್ನೊಂದು ವರ್ಷ ಖಾಸಗಿ ಹೂಡಿಕೆದಾರರ ಹಣದಲ್ಲೇ ಮುಂದುವರಿಯುವುದು ಲೇಸು.