ಅಪ್ಪನ ಹಳೇ ಕಂಪ್ಯೂಟರಿಗೆ ಯಾವ ಉಚಿತ ಸಾಫ್ಟ್‌ವೇರ್ ಹಾಕಲಿ? (ವಿಂಡೋಸ್ 10, 4 ಜಿಬಿ ರ‍್ಯಾಮ್)

ತೋಟದಮನೆ ಮಗಳು:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ, ಅಮ್ಮ ಸಾಗರದ ಹತ್ತಿರದ ಹಳ್ಳಿಯಲ್ಲಿದ್ದಾರೆ. ಅಪ್ಪ ರಿಟೈರ್ಡ್ ಮೇಷ್ಟ್ರು. ಮನೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ. 4ನೇ ಜನರೇಶನ್ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಅಪ್ಪ ಅದರಲ್ಲಿ ನುಡಿ ಹಾಕಿಕೊಂಡು ಲೇಖನ ಬರೆಯುತ್ತಾರೆ, ಪಹಣಿ ತೆಗೆಯುತ್ತಾರೆ, ಬ್ಯಾಂಕಿನ ಕೆಲಸ ಮಾಡುತ್ತಾರೆ, ಅಡಿಕೆ ರೇಟು ನೋಡುತ್ತಾರೆ. ಮದುವೆ, ಗೃಹಪ್ರವೇಶದ ಫೋಟೋಗಳೆಲ್ಲ ಅದರಲ್ಲೇ ಇವೆ.

ಈಗ ಸ್ಕ್ರೀನಿನ ಬಲಗಡೆ ಕೆಳಗೆ "ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ, ಕೂಡಲೇ ಇಲ್ಲಿ ಒತ್ತಿ" ಅಂತ ಇಂಗ್ಲಿಷಿನಲ್ಲಿ ಪದೇ ಪದೇ ಬರುತ್ತಿದೆ. ಆನ್ ಮಾಡಿ ಕಾಫಿ ಕುಡಿದು ಬಂದರೂ ಕಂಪ್ಯೂಟರ್ ಕೆಲಸಕ್ಕೆ ತಯಾರಾಗಿರುವುದಿಲ್ಲ. ಪೇಟೆಯ ಒಂದು ಅಂಗಡಿಯವರು ಫಾರ್ಮ್ಯಾಟ್ ಮಾಡಿ ಆಂಟಿವೈರಸ್ ಹಾಕಿಕೊಡುತ್ತೇವೆ, ಅದಕ್ಕೆ ವರ್ಷ ವರ್ಷ ದುಡ್ಡು ಕಟ್ಟಬೇಕು ಅಂದಿದ್ದಾರೆ. ಫಾರ್ಮ್ಯಾಟ್ ಅಂದ ಕೂಡಲೇ ಅಪ್ಪನಿಗೆ ಭಯ. ಉಚಿತವಾಗಿ ಸಿಗುವ ಒಳ್ಳೆಯ ಸಾಫ್ಟ್‌ವೇರ್ ಯಾವುವು? ಯಾರಾದರೂ ಒಂದು ಪಟ್ಟಿ ಕೊಟ್ಟರೆ ಮುಂದಿನ ವಾರ ಊರಿಗೆ ಹೋದಾಗ ಎಲ್ಲ ಹಾಕಿ ಬರುತ್ತೇನೆ.

ಶಿರಸಿ ರಿಪೇರಿ:

ಮೇಡಂ, ಫಾರ್ಮ್ಯಾಟಿಗೆ ಈಗಲೇ ಕೊಡಬೇಡಿ. ಊರಿಗೆ ಹೋಗುವಾಗ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತೆಗೆದುಕೊಂಡು ಹೋಗಿ. ಮೊದಲು ಫೋಟೋ, ನುಡಿ ಫೈಲು, ಡೆಸ್ಕ್‌ಟಾಪ್ ಮೇಲೆ ಇರುವ ಫೋಲ್ಡರು ಎಲ್ಲವನ್ನೂ ಅದಕ್ಕೆ ಕಾಪಿ ಮಾಡಿ. ಬೇರೆ ಏನೇ ಇದ್ದರೂ ಆಮೇಲೆ. ನಾನು ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಜನ ವೈರಸ್ಸಿಗೆ ಹೆದರಿ ಬರುತ್ತಾರೆ. ಆದರೆ ನನ್ನ ಟೇಬಲ್ ಮುಂದೆ ಅತ್ತವರೆಲ್ಲ ಡಿಸ್ಕ್ ಹೋಗಿ ಫೋಟೋ ಕಳೆದುಕೊಂಡವರು.

ಕಾಪಿ ಆದ ಮೇಲೆ ಆ ಡಿಸ್ಕನ್ನು ಕಿತ್ತು ಬೀರುವಿನಲ್ಲಿ ಇಡಿ. ಸಿಕ್ಕಿಸಿಯೇ ಬಿಟ್ಟರೆ, ನಾಳೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಬಂದರೆ ಅದಕ್ಕೂ ಸೇರಿಸಿ ಬೀಗ ಬೀಳುತ್ತದೆ. ಪ್ರತಿ ಸಲ ಪೂರ್ತಿ ಕಾಪಿ ಮಾಡುವುದು ಬೇಸರ ಅಲ್ವಾ, ಅದಕ್ಕೆ ಫ್ರೀಫೈಲ್‌ಸಿಂಕ್ ಇದೆ. ಹೊಸದಾಗಿ ಸೇರಿದ್ದು, ಬದಲಾಗಿದ್ದು ಮಾತ್ರ ಹುಡುಕಿ ಕಾಪಿ ಮಾಡುತ್ತದೆ.

ಈಗ ಆ ವೈರಸ್ ಎಚ್ಚರಿಕೆ. ನೀವು ಹೇಳಿದ್ದನ್ನು ನೋಡಿದರೆ ಅದು ಬಹುತೇಕ ವೈರಸ್ ಅಲ್ಲ, ಬ್ರೌಸರಿನ ನೋಟಿಫಿಕೇಶನ್. ಯಾವುದೋ ವೆಬ್‌ಸೈಟ್ "ಅಲೋ ಒತ್ತಿ" ಅಂತ ಕೇಳಿರುತ್ತದೆ. ಪುಟ ತೆರೆಯಲಿ ಅಂತ ಯಾರಾದರೂ ಒತ್ತಿಬಿಡುತ್ತಾರೆ. ಆಮೇಲೆ ಆ ಸೈಟು ಮೂಲೆಯಲ್ಲಿ ಏನು ಬೇಕಾದರೂ ತೋರಿಸಬಹುದು, ಹೆಸರಾಂತ ಆಂಟಿವೈರಸ್‌ನ ಚಿಹ್ನೆ ಕೂಡ. ಅದನ್ನು ಒತ್ತಬೇಡಿ. ಕ್ರೋಮ್ ಆದರೆ ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಹೀಗೆ ಒಳಗೆ ಹೋಗಿ. ಅಲೋ ಪಟ್ಟಿಯಲ್ಲಿ ಗುರುತಿಲ್ಲದ ಹೆಸರುಗಳಿರುತ್ತವೆ. ಒಂದೊಂದಾಗಿ ತೆಗೆದುಹಾಕಿ. ಮೇಲ್ಗಡೆ, ಯಾವ ಸೈಟೂ ಕೇಳಬಾರದು ಅನ್ನುವ ಆಯ್ಕೆ ಇದೆ. ಅದನ್ನೂ ಹಾಕಿಬಿಡಿ. ತಂದೆಯವರಿಗೆ ಅದರಿಂದ ಏನೂ ನಷ್ಟವಿಲ್ಲ.

ಆಂಟಿವೈರಸ್‌ಗೆ ದುಡ್ಡು ಕೊಡಬೇಕಾಗಿಲ್ಲ. ವಿಂಡೋಸ್ ಜೊತೆಗೆ ಬರುವ ಡಿಫೆಂಡರ್ ಮನೆ ಬಳಕೆಗೆ ಸಾಕು. ಇದನ್ನು ಆಂಟಿವೈರಸ್ ಮಾರಬಲ್ಲ ಅಂಗಡಿಯವನಾಗಿಯೇ ಹೇಳುತ್ತಿದ್ದೇನೆ. ಬೇರೆ ಯಾವುದಾದರೂ ಆಂಟಿವೈರಸ್ ಕೂತಿದ್ದರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಹಾಗಾಗಿ ಟ್ರಯಲ್ ಮುಗಿದು ಸುಮ್ನೆ ಬಿದ್ದಿರುವುದು ಇದ್ದರೆ ಮೊದಲು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡಿ. ಆಮೇಲೆ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ಅಡಗಿ ಕೂತದ್ದು ಸಿಗುವುದು ಆಗಲೇ. ಇನ್ನೂ ಅನುಮಾನ ಇದ್ದರೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿಯಿಂದ ಒಂದು ಸಲ ಸ್ಕ್ಯಾನ್ ಮಾಡಿ. ಎರಡು ಆಂಟಿವೈರಸ್ ಯಾವಾಗಲೂ ಓಡುತ್ತಾ ಇರುವ ಹಾಗೆ ಮಾತ್ರ ಮಾಡಬೇಡಿ. 4 ಜಿಬಿಯಲ್ಲಿ ಉಸಿರು ಕಟ್ಟುತ್ತದೆ.

ನಿಧಾನದ ವಿಷಯಕ್ಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿ. ಪುಟ್ಟ ಪ್ರೋಗ್ರಾಮ್. ಡಿಸ್ಕಿನ ಆರೋಗ್ಯವನ್ನು ಬಣ್ಣದಲ್ಲಿ ತೋರಿಸುತ್ತದೆ. ನೀಲಿ ಇದ್ದರೆ ಸರಿ, ಹಳದಿ ಎಚ್ಚರಿಕೆ, ಕೆಂಪು ಅಂದರೆ ಮುಗಿಯಿತು. ಕೆಳಗಿನ ಪಟ್ಟಿಯಲ್ಲಿ 05 ಮತ್ತು ಸಿ5 ಅನ್ನುವ ಸಾಲುಗಳನ್ನು ನೋಡಿ. 05 ಅಂದರೆ ಕೆಟ್ಟುಹೋಗಿ ಬೇರೆ ಜಾಗಕ್ಕೆ ಬದಲಾಯಿಸಿದ ಸೆಕ್ಟರುಗಳು (ಡಿಸ್ಕಿನ ಪುಟ್ಟ ಪುಟ್ಟ ಭಾಗಗಳು). ಸಿ5 ಅಂದರೆ ಓದಲು ಕಷ್ಟವಾಗಿ ಬಾಕಿ ಇಟ್ಟಿರುವ ಸೆಕ್ಟರುಗಳು. ಎರಡರ ಎದುರಿಗೂ ರಾ ವ್ಯಾಲ್ಯೂ ಸೊನ್ನೆ ಇರಬೇಕು. ಏನು ಬಂತು ಅಂತ ಇಲ್ಲಿ ಬರೆಯಿರಿ, ಮುಂದೆ ಏನು ಮಾಡಬೇಕು ಅಂತ ಹೇಳುತ್ತೇನೆ.

ಕ್ಲೀನರ್, ಬೂಸ್ಟರ್, ಡ್ರೈವರ್ ಅಪ್‌ಡೇಟರ್ ಇವು ಯಾವುವೂ ಬೇಡ. ಬೇಡದ ಫೈಲು ತೆಗೆಯಲು ವಿಂಡೋಸ್‌ನಲ್ಲೇ ಸ್ಟೋರೇಜ್ ಸೆನ್ಸ್ ಇದೆ. 2017ರಲ್ಲಿ ಸಿಕ್ಲೀನರ್‌ನ 5.33 ಆವೃತ್ತಿಯ ಒಳಗೇ ಕಳ್ಳರು ಮಾಲ್‌ವೇರ್ ಸೇರಿಸಿದ್ದರು. ಕಂಪನಿಯ ಸ್ವಂತ ಸೈಟಿನಿಂದ ಇಳಿಸಿಕೊಂಡವರಿಗೂ ಅದು ಬಂತು. ಇಪ್ಪತ್ತೆರಡು ಲಕ್ಷಕ್ಕೂ ಜಾಸ್ತಿ ಕಂಪ್ಯೂಟರುಗಳಲ್ಲಿ ಆ ಆವೃತ್ತಿ ಇತ್ತು. ಈಗ ಅದು ಸರಿಯಾಗಿದೆ, ಆದರೂ ನನ್ನ ಅಭಿಪ್ರಾಯ ಇಷ್ಟೇ: ಹಾಕಿದ ಪ್ರತಿಯೊಂದು ಪ್ರೋಗ್ರಾಮೂ ಮನೆಗೆ ಇನ್ನೊಂದು ಬಾಗಿಲು. ಬೇಕಾದಷ್ಟೇ ಇರಲಿ. ಅದಕ್ಕೇ ನೀವು ಕೇಳಿದ ಉದ್ದ ಪಟ್ಟಿ ನಾನು ಕೊಡುತ್ತಿಲ್ಲ.

ಧಾರವಾಡ ಟೀಚರ್:

ಮೇಲಿನವರು ಹೇಳಿದ್ದು ಖರೇ ಮಾತು. ಪೆನ್‌ಡ್ರೈವ್ ಬಗ್ಗೆ ನಾನೊಂದು ಸೇರಿಸುತ್ತೇನೆ ರೀ. ನಿಮ್ಮ ತಂದೆಯವರು ಪ್ರಿಂಟ್ ತೆಗೆಸಲು ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಒಯ್ಯುತ್ತಾರೇನು? ನಮ್ಮ ಶಾಲೆಗೆ ವೈರಸ್ ಬಂದದ್ದೇ ಆ ದಾರಿಯಲ್ಲಿ. ವಾಪಸ್ ತಂದು ಹಾಕಿದರೆ ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. ಚಿತ್ರದ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಇರುತ್ತದೆ. ಅದನ್ನು ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಹಿಂದಿನಿಂದ ವೈರಸ್ಸೂ ಓಡುತ್ತದೆ. ಎಷ್ಟೋ ಜನ ಫೈಲು ಹೋಯಿತು ಅಂತ ಪೆನ್‌ಡ್ರೈವನ್ನೇ ಫಾರ್ಮ್ಯಾಟ್ ಮಾಡಿಬಿಡುತ್ತಾರೆ. ಫೈಲು ಎಲ್ಲೂ ಹೋಗಿರುವುದಿಲ್ಲ, ಮರೆಯಾಗಿರುತ್ತವೆ ಅಷ್ಟೇ. ಡಿಫೆಂಡರಿನಿಂದ ಪೆನ್‌ಡ್ರೈವ್ ಸ್ಕ್ಯಾನ್ ಮಾಡಿ, ಆಮೇಲೆ ಹಿಡನ್ ಫೈಲುಗಳನ್ನು ತೋರಿಸುವ ಆಯ್ಕೆ ಹಾಕಿದರೆ ಹೆಚ್ಚಿನ ಸಲ ಸಿಗುತ್ತವೆ.

ನಮ್ಮ ಸರ್ಕಾರದ್ದೇ ಒಂದು ಜಾಗ ಇದೆ, ಬಹಳ ಜನರಿಗೆ ತಿಳಿದಿಲ್ಲ. ಸೈಬರ್ ಸ್ವಚ್ಛತಾ ಕೇಂದ್ರ ಅಂತ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಅದನ್ನು ನಡೆಸುತ್ತದೆ. 2017ರಲ್ಲಿ ಶುರುವಾಯಿತು. ಕಂಪ್ಯೂಟರನ್ನು ದೂರದ ಕಳ್ಳರ ಹಿಡಿತಕ್ಕೆ ಕೊಡುವ ಬಾಟ್ ವೈರಸ್ ತೆಗೆಯುವ ಟೂಲುಗಳು ಅಲ್ಲಿ ಉಚಿತ. ಪೆನ್‌ಡ್ರೈವ್ ಯಾವುದು ಬೇಕು, ಯಾವುದು ಬೇಡ ಅಂತ ತಡೆಯುವ ಯುಎಸ್‌ಬಿ ಪ್ರತಿರೋಧ್ ಅನ್ನುವುದೂ ಅಲ್ಲಿ ಸಿಗುತ್ತದೆ. ಅದನ್ನು ಮಾಡಿದ್ದು ಸರ್ಕಾರದ್ದೇ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್.

ಇನ್ನೊಂದು. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ "ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್" ಟಿಕ್ ಮಾಡಿ ಬನ್ನಿ. ಆಗ ಪಿಡಿಎಫ್ ವೇಷದಲ್ಲಿ ಬಂದ ಫೈಲಿನ ಬಾಲದಲ್ಲಿ "ಇಎಕ್ಸ್‌ಇ" ಇದ್ದರೆ ಕಣ್ಣಿಗೆ ಬೀಳುತ್ತದೆ. ನಮ್ಮ ಹುಡುಗರಿಗೆ ನಾನು ಮೊದಲು ಕಲಿಸುವುದೇ ಇದನ್ನು.

ತೋಟದಮನೆ ಮಗಳು:

ಊರಿಂದಲೇ ಬರೆಯುತ್ತಿದ್ದೇನೆ. ಇಬ್ಬರಿಗೂ ತುಂಬ ಥ್ಯಾಂಕ್ಸ್. ನೋಟಿಫಿಕೇಶನ್ ಪಟ್ಟಿಯಲ್ಲಿ ಸಿನಿಮಾ ಡೌನ್‌ಲೋಡ್ ಸೈಟು, ಜಾತಕದ ಸೈಟು ಹೀಗೆ ಏನೇನೋ ಇದ್ದವು. ಎಲ್ಲ ತೆಗೆದೆ. ಆ ವೈರಸ್ ಎಚ್ಚರಿಕೆ ಮತ್ತೆ ಬಂದಿಲ್ಲ! ಅಪ್ಪನಿಗೆ ನಂಬಲಿಕ್ಕೇ ಆಗುತ್ತಿಲ್ಲ. ಆಫ್‌ಲೈನ್ ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ.

ಆದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಳದಿ ಬಂದಿದೆ. ಸಿ5 ಎದುರಿಗೆ ಸೊನ್ನೆ ಇಲ್ಲ. ಫೋಟೋ, ಫೈಲು ಎಲ್ಲ ಎಕ್ಸ್‌ಟರ್ನಲ್ ಡಿಸ್ಕಿಗೆ ಹೋಗಿವೆ. ಮುಂದೇನು? ವಿಂಡೋಸ್ 10ಕ್ಕೆ ಸಪೋರ್ಟ್ ನಿಂತಿದೆ ಅಂತಲೂ ಸ್ಕ್ರೀನ್ ಮೇಲೆ ಬರುತ್ತಿದೆ. ಅದಾದರೂ ನಿಜವಾ? ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿದರೆ ಅಪ್ಪನ ನುಡಿ ಏನಾಗುತ್ತದೆ?

ಪೆಂಗ್ವಿನ್ ಕನ್ನಡಿಗ:

ಆ ಸಂದೇಶ ನಿಜ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಂಪ್ಯೂಟರ್ ನಡೆಯುತ್ತದೆ, ಭದ್ರತೆಯ ತೇಪೆಗಳು (ಸೆಕ್ಯುರಿಟಿ ಅಪ್‌ಡೇಟ್) ಬರುವುದಿಲ್ಲ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ ಬ್ರಿಟನ್ನಿನ ಎಷ್ಟೋ ಆಸ್ಪತ್ರೆಗಳ ಕೆಲಸ ನಿಲ್ಲಿಸಿತಲ್ಲ, ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರಿಗೆ ಪೆಟ್ಟು ಬಿತ್ತು. ಸದ್ಯಕ್ಕೆ ಇಎಸ್‌ಯು (ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್) ಅನ್ನುವ ಯೋಜನೆಯಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್‌ಗೆ ಒಪ್ಪಿದರೆ 2026ರ ಅಕ್ಟೋಬರ್ 13ರವರೆಗೆ ತೇಪೆಗಳು ಉಚಿತ. ವಿಂಡೋಸ್ 11 ಮಾತ್ರ ನಿಮ್ಮ ಯಂತ್ರಕ್ಕೆ ಅಧಿಕೃತವಾಗಿ ಬರುವುದಿಲ್ಲ. ಅದು ಇಂಟೆಲ್ ಆದರೆ 8ನೇ ಜನರೇಶನ್ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಮತ್ತು ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಕೇಳುತ್ತದೆ.

ಅದಕ್ಕೇ ಲಿನಕ್ಸ್ ಮಿಂಟ್ ನೋಡಿ ಅನ್ನುತ್ತೇನೆ. ಅದರ ಹಗುರ ರೂಪವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಇಳಿಸಿಕೊಳ್ಳಿ, 4 ಜಿಬಿ ರ‍್ಯಾಮಿನಲ್ಲಿ ಹಗುರವಾಗಿ ಓಡುತ್ತದೆ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ರುಫಸ್ ಅನ್ನುವ ಉಚಿತ ಪ್ರೋಗ್ರಾಮ್ ಬಳಸಿ ಪೆನ್‌ಡ್ರೈವಿಗೆ ಹಾಕಿದರೆ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಓಡಿಸಿ ನೋಡಬಹುದು. ಸೆಟ್ಟಿಂಗ್ ಹಾಳಾದರೆ ಹಿಂದಿನ ಸ್ಥಿತಿಗೆ ತರಲು ಟೈಮ್‌ಶಿಫ್ಟ್ ಅದರಲ್ಲೇ ಇರುತ್ತದೆ.

ನುಡಿ ಬಗ್ಗೆ ಚಿಂತೆ ಬೇಡ. ನುಡಿಯಲ್ಲಿ ಇರುವುದು ಕಗಪ ಅನ್ನುವ ಕೀಲಿಮಣೆ ವಿನ್ಯಾಸ, ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ದಾರಿ ಮಾಡಿದ ಕೆ.ಪಿ. ರಾವ್ ಅವರ ವಿನ್ಯಾಸವೇ ಅದಕ್ಕೆ ಮೂಲ. ಮಿಂಟ್‌ನಲ್ಲಿ ಟೈಪಿಂಗಿಗೆ ಬೇಕಾದ ಐಬಸ್ ಜೊತೆ ಎಂ17ಎನ್ ಹಾಕಿಕೊಂಡರೆ ಅದೇ ಕಗಪ ಸಿಗುತ್ತದೆ. ತಂದೆಯವರ ಬೆರಳು ಹೊಸದಾಗಿ ಏನೂ ಕಲಿಯಬೇಕಾಗಿಲ್ಲ. ನಿಜವಾದ ಕೆಲಸ ಇರುವುದು ಹಳೇ ಫೈಲುಗಳಲ್ಲಿ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ನುಡಿ ಫಾಂಟಿನಲ್ಲಿ ಬರೆದದ್ದು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿಯಂತೆ ಕಾಣುತ್ತದೆ. ಅದನ್ನು ಯೂನಿಕೋಡಿಗೆ ಬದಲಾಯಿಸುವ ಕನ್ವರ್ಟರುಗಳು ಉಚಿತವಾಗಿ ಸಿಗುತ್ತವೆ. ವಿಂಡೋಸ್ ಇರುವಾಗಲೇ ಬದಲಾಯಿಸಿ ಇಟ್ಟುಕೊಳ್ಳಿ. ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬಂದಿವೆಯಾ ಅಂತ ತಂದೆಯವರೇ ಒಮ್ಮೆ ಓದಲಿ. ಒಬ್ಬ ಮೇಷ್ಟ್ರ ಬರವಣಿಗೆ ಫಾಂಟ್ ಇಲ್ಲದೆ ಕಳೆದುಹೋಗಬಾರದು.

ಪ್ರಿಂಟರ್ ಯಾವುದು ಅಂತ ಮೊದಲೇ ನೋಡಿಕೊಳ್ಳಿ. ಕೆಲವು ಹಳೇ ಲೇಸರ್ ಪ್ರಿಂಟರುಗಳಿಗೆ ಲಿನಕ್ಸ್ ಡ್ರೈವರ್ ಹಾಕುವುದು ತಲೆನೋವು.

ಶಿರಸಿ ರಿಪೇರಿ:

ಸಿ5 ಏರಿದೆ ಅಂದರೆ ನಿಧಾನಕ್ಕೆ ಕಾರಣ ಸಿಕ್ಕಿದ ಹಾಗೆ. ಆ ಡಿಸ್ಕಿನ ಮೇಲೆ ಇನ್ನು ಯಾವ ಸಾಫ್ಟ್‌ವೇರ್ ಹಾಕಿದರೂ ವ್ಯರ್ಥ. ಉಚಿತದ್ದರ ನಡುವೆ ಇದೊಂದಕ್ಕೆ ದುಡ್ಡು ಹಾಕಿ: ಒಂದು 256 ಜಿಬಿ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವ ವೇಗದ ಡಿಸ್ಕ್. ಅಂಗಡಿಯಲ್ಲಿ 2.5 ಇಂಚಿನ ಸಾಟಾ ಅಂತ ಕೇಳಿ. ಹಳೇ ಡಿಸ್ಕನ್ನು ಅದಕ್ಕೆ ಕ್ಲೋನ್ (ಇದ್ದ ಹಾಗೇ ನಕಲು) ಮಾಡಲು ಹೋಗಬೇಡಿ, ಹೊಸದಾಗಿ ಹಾಕುವುದೇ ಒಳ್ಳೆಯದು. ಮಿಂಟ್ ತಂದೆಯವರಿಗೆ ಹಿಡಿಸಿದರೆ ಮಿಂಟ್. ಇಲ್ಲ, ವಿಂಡೋಸ್ 10 ಬೇಕು ಅಂದರೆ ಅದನ್ನೇ ಹಾಕಿ ಇಎಸ್‌ಯು ಸೇರಿಕೊಳ್ಳಿ. ಅಸಲಿ ಡಿಜಿಟಲ್ ಲೈಸೆನ್ಸ್ ಇದ್ದರೆ ಅದೇ ಮದರ್‌ಬೋರ್ಡಿನಲ್ಲಿ ತಾನಾಗಿ ಆಕ್ಟಿವೇಟ್ ಆಗುತ್ತದೆ. ಯಾರಾದರೂ ಕ್ರ್ಯಾಕ್ (ಲೈಸೆನ್ಸ್ ಇಲ್ಲದೆ ಓಡಿಸುವ ಕಳ್ಳ ಪ್ರೋಗ್ರಾಮ್) ಹಾಕಿಕೊಡುತ್ತೇನೆ, ಅದಕ್ಕೆ ಆಂಟಿವೈರಸ್ ಆಫ್ ಮಾಡಿ ಅಂದರೆ ಕೈ ಮುಗಿದು ಬೇಡ ಅನ್ನಿ.

ಹೊಸದರಲ್ಲಿ ತಂದೆಯವರಿಗೆ ಅಡ್ಮಿನ್ ಅಲ್ಲದ ಸಾಮಾನ್ಯ ಖಾತೆ ಮಾಡಿಕೊಡಿ. ಏನಾದರೂ ಇನ್‌ಸ್ಟಾಲ್ ಆಗಲು ಹೊರಟರೆ ಪಾಸ್‌ವರ್ಡ್ ಕೇಳುತ್ತದೆ, ಅವರು ನಿಮಗೆ ಫೋನ್ ಮಾಡುತ್ತಾರೆ. ಫೈರ್‌ಫಾಕ್ಸ್ ಬ್ರೌಸರ್ ಹಾಕಿ, ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಸೇರಿಸಿ. ಕ್ರೋಮ್‌ನಲ್ಲಿ ಈಗ ಅದರ ಲೈಟ್ ಆವೃತ್ತಿ ಮಾತ್ರ ಸಿಗುತ್ತದೆ. ಜಾಹೀರಾತಿನ ಜೊತೆ ನಕಲಿ ಡೌನ್‌ಲೋಡ್ ಬಟನ್ನುಗಳೂ ಬಹುಪಾಲು ಮಾಯವಾಗುತ್ತವೆ. ಗೂಗಲ್‌ನಲ್ಲಿ ಹುಡುಕಿ ಮೊದಲು ಬಂದ ಜಾಹೀರಾತಿನ ಲಿಂಕಿನಿಂದ ಯಾವ ಸಾಫ್ಟ್‌ವೇರನ್ನೂ ಇಳಿಸಬೇಡಿ. ವಿಎಲ್‌ಸಿ, 7-ಝಿಪ್ ಹೆಸರಿನಲ್ಲೂ ನಕಲಿ ಸೈಟುಗಳಿವೆ. ಪಾಸ್‌ವರ್ಡುಗಳನ್ನು ತಂದೆಯವರು ಡೈರಿಯಲ್ಲಿ ಬರೆದಿಟ್ಟಿದ್ದರೆ ಹಾಗೇ ಇರಲಿ, ಡೈರಿ ಕಪಾಟಿನಲ್ಲಿರಲಿ. ನಿಮಗೆ ಬೇಕಾದರೆ ಪಾಸ್‌ವರ್ಡ್ ಇಡುವ ಕೀಪಾಸ್‌ಎಕ್ಸ್‌ಸಿ ಒಳ್ಳೆಯದು. ಎಲ್ಲವೂ ಬೀಗ ಹಾಕಿದ ಒಂದೇ ಫೈಲಿನಲ್ಲಿ ನಿಮ್ಮ ಹತ್ತಿರವೇ ಇರುತ್ತದೆ.

ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ಎನಿಡೆಸ್ಕ್ (ದೂರದಿಂದ ಕಂಪ್ಯೂಟರ್ ನಡೆಸುವ ಪ್ರೋಗ್ರಾಮ್) ಹಾಕಿ ನಂಬರ್ ಹೇಳಿ ಅಂತ ಫೋನ್ ಬಂದರೆ ಇಟ್ಟುಬಿಡಿ ಅಂತ ಅಮ್ಮನಿಗೂ ಹೇಳಿ. ದುಡ್ಡು ಹೋದರೆ ತಡ ಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಕಳ್ಳ ಅದನ್ನು ಮುಂದಿನ ಖಾತೆಗೆ ಸಾಗಿಸುವ ಮೊದಲು ತಡೆಯಲು ಸಾಧ್ಯವಾಗುವುದು ಬೇಗ ತಿಳಿಸಿದರೆ ಮಾತ್ರ. ಆ ನಂಬರನ್ನು ಮಾನಿಟರಿನ ಅಂಚಿಗೆ ಅಂಟಿಸಿ ಬನ್ನಿ.

ಹಳೇ ಡಿಸ್ಕನ್ನು ಗುಜರಿಗೆ ಹಾಕಬೇಡಿ. ಅದರಲ್ಲಿ ಬ್ಯಾಂಕಿನ ಕಾಗದ, ಆಧಾರ್ ಪ್ರತಿ ಎಲ್ಲ ಇರುತ್ತವೆ. ಹೊಸದರಲ್ಲಿ ಫೋಟೋ, ಫೈಲು ಎಲ್ಲ ತೆರೆಯುತ್ತಿವೆ ಅಂತ ಖಾತ್ರಿ ಆಗುವವರೆಗೆ ಹಾಗೇ ಎತ್ತಿಡಿ. ಆಮೇಲೆ ಸುತ್ತಿಗೆಯಲ್ಲಿ ಒಡೆದು ಕೊಡಿ. ಎಸ್‌ಎಸ್‌ಡಿ ಕೂರಿಸುವಾಗ ಸಾಟಾ ಕೇಬಲ್ ಎಲ್ಲಿಗೆ ಅಂತ ಗೊಂದಲವಾದರೆ ಒಳಗಿನ ಫೋಟೋ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.