ತುಮಕೂರಿನ ಸಮ್ಮೇಳನ, ಅತ್ತೆ ಕೇಳಿದ ಪ್ರಶ್ನೆ

ಎಲ್ರಿಗೂ ನಮಸ್ಕಾರ. ಚಿಕ್ಕಪ್ಪ, ಲಯನ್ಸ್ ಪ್ರಾಂತೀಯ ಸಮ್ಮೇಳನಕ್ಕೆ ಹೋಗಿದ್ದೆಯಲ್ಲ, ಬರೀ ಫೋಟೋ ಹಾಕಿದ್ರೆ ಹೆಂಗೆ, ಅಲ್ಲಿ ಏನಾಯ್ತು ಹೇಳಮ್ಮ ಅಂದ್ರಿ. ಅದರ ಕೆಳಗೇ ಅತ್ತೆ, "ನೇತ್ರದಾನದ ಫಾರಂ ಹಿಡ್ಕೊಂಡು ನಿಂತಿದೀಯ, ಕಣ್ಣು ಕೊಟ್ರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ತಾರಂತಲ್ಲೇ" ಅಂತ ಕೇಳಿದ್ರು. ಎರಡಕ್ಕೂ ಸೇರಿಸಿ ಹೇಳ್ತೀನಿ. ಸ್ವಲ್ಪ ಉದ್ದ ಆಗತ್ತೆ, ಕೆಲಸ ಮಾಡ್ಕೊಂಡೇ ಕೇಳಿ.

ನಾವು ಗುಬ್ಬಿಯಿಂದ ಹೋಗೋ ಹೊತ್ತಿಗೆ ಸಭಾಂಗಣ ಆಗಲೇ ತುಂಬಿತ್ತು. ತಿಂಡಿಗೆ ತಟ್ಟೆ ಇಡ್ಲಿ, ತುಮಕೂರಲ್ಲಿ ಇನ್ನೇನಿರತ್ತೆ! ಧ್ವಜವಂದನೆ ಆದ್ಮೇಲೆ ಒಂದೊಂದೇ ಕ್ಲಬ್‌ನವರು ಬ್ಯಾನರ್ ಹಿಡ್ಕೊಂಡು ವೇದಿಕೆ ಮುಂದೆ ಬರೋದು, ಅದೇ ನೋಡೋಕೆ ಚೆಂದ. ನಮ್ಮ ಬ್ಯಾನರ್ ಹೆಂಗಸರೇ ಹಿಡ್ಕೊಂಡು ಬಂದ್ವಿ. ಮೆಲ್ವಿನ್ ಜೋನ್ಸ್ ಅನ್ನೋರು 1917ರಲ್ಲಿ ಷಿಕಾಗೋದಲ್ಲಿ ಶುರುಮಾಡಿದ ಸಂಸ್ಥೆ ಇದು. ಹೆಂಗಸರಿಗೆ ಸದಸ್ಯತ್ವ ಸಿಕ್ಕಿದ್ದು 1987ರಲ್ಲಿ, ಅಷ್ಟೊತ್ತಿಗೆ ಎಪ್ಪತ್ತು ವರ್ಷ ಆಗಿತ್ತು. ಅದಕ್ಕೇ ಆ ಬ್ಯಾನರ್ ಹಿಡಿದಾಗ ನನಗೆ ಎದೆ ತುಂಬಿ ಬಂತು. ಆಮೇಲೆ ವರದಿ ಓದೋದು, ಶಾಲು, ಹಾರ, ಪೇಟ. ಸನ್ಮಾನ ತುಂಬ ಹೊತ್ತು ಹಿಡೀತು. ಆ ಸಮಯ ಕಣ್ಣಿನ ಡಾಕ್ಟರಿಗೆ ಕೊಟ್ಟಿದ್ರೆ ಚೆನ್ನಾಗಿರ್ತಿತ್ತು ಅಂತ ನನ್ನ ಅಭಿಪ್ರಾಯ, ಪ್ರಾಂತ್ಯಾಧ್ಯಕ್ಷರಿಗೂ ಹೇಳಿ ಬಂದಿದೀನಿ.

ಯಾಕಂದ್ರೆ ಇಡೀ ದಿನದಲ್ಲಿ ಮನಸ್ಸಿಗೆ ನಾಟಿದ್ದು ಆ ಡಾಕ್ಟರ್ ಮಾತೇ. ಅವರು ಹೆಲೆನ್ ಕೆಲ್ಲರ್ ವಿಷಯದಿಂದ ಶುರುಮಾಡಿದ್ರು. ಹತ್ತೊಂಬತ್ತು ತಿಂಗಳ ಕೂಸಾಗಿದ್ದಾಗಲೇ ಕಾಯಿಲೆ ಬಂದು ಕಣ್ಣೂ ಹೋಯ್ತು, ಕಿವೀನೂ ಹೋಯ್ತು. ಆಯಮ್ಮ 1925ರಲ್ಲಿ ಅಮೆರಿಕದ ಒಹಾಯೋದಲ್ಲಿ ನಡೆದ ಲಯನ್ಸ್ ಸಮಾವೇಶಕ್ಕೆ ಬಂದು, ಕಣ್ಣಿಲ್ಲದವರ ಪರವಾಗಿ ನೀವು ನಿಂತ್ಕೊಳಿ ಅಂತ ಕೇಳ್ಕೊಂಡ್ರು. ಲಯನ್ಸ್‌ನವರು ಎಲ್ಲಿ ಹೋದ್ರೂ ಕಣ್ಣಿನ ಕ್ಯಾಂಪ್ ಮಾಡ್ತಾರಲ್ಲ, ಅದರ ಮೂಲ ಅಲ್ಲಿದೆ.

ಆಮೇಲೆ ಅವರು ಹೇಳಿದ್ದು ನಮ್ಮ ಹಳ್ಳಿ ಕಡೆ ಎಲ್ರೂ ತಿಳ್ಕೋಬೇಕಾದ್ದು. ವಯಸ್ಸಾದವರಿಗೆ ಬರೋ ಪೊರೆಗೆ ಆಪರೇಷನ್ ಮಾಡಿ ಲೆನ್ಸ್ ಹಾಕ್ತಾರೆ, ಅದಕ್ಕೆ ಯಾರ ಕಣ್ಣೂ ಬೇಡ. ದಾನದ ಕಣ್ಣು ಬೇಕಾಗೋದು ಕಾರ್ನಿಯಾ ಹಾಳಾದವರಿಗೆ. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನ ಥರ ಇರತ್ತಲ್ಲ, ಅದು ಬೆಳ್ಳಗಾಗಿಬಿಟ್ರೆ ಒಳಗೆಲ್ಲ ಸರಿಯಿದ್ರೂ ಕಾಣಲ್ಲ. ನಮ್ಮ ಕಡೆ ಇದು ಹೆಂಗಾಗತ್ತೆ ಗೊತ್ತಾ? ರಾಗಿ ಒಕ್ಕುವಾಗ ಹೊಟ್ಟು ಬೀಳತ್ತೆ, ಮುಳ್ಳು ತಾಗತ್ತೆ, ತೆಂಗಿನ ಗರಿ ಎಳೆಯುವಾಗ ತುದಿ ಹೊಡೆಯತ್ತೆ. ಸಣ್ಣ ಗಾಯ. ಅದಕ್ಕೆ ಎದೆಹಾಲು, ಸೊಪ್ಪಿನ ರಸ ಹಿಂಡೋದು, ಇಲ್ಲಾಂದ್ರೆ ಮೆಡಿಕಲ್ ಸ್ಟೋರಲ್ಲಿ ಕೇಳಿ ಯಾವುದೋ ಡ್ರಾಪ್ಸ್ ತಂದು ಬಿಡೋದು. ಅದರಲ್ಲಿ ಸ್ಟೀರಾಯ್ಡ್ ಇದ್ರೆ ಸೋಂಕು ಇನ್ನೂ ಜಾಸ್ತಿಯಾಗಿ ಹುಣ್ಣಾಗತ್ತೆ, ಹುಣ್ಣು ವಾಸಿಯಾದ್ರೂ ಬಿಳಿ ಕಲೆ ಉಳಿದುಬಿಡತ್ತೆ. ಭಾವ, ನಿಮ್ಮ ತೋಟದ ಕೆಲಸದವರಿಗೆ ದಯವಿಟ್ಟು ಹೇಳಿ: ಕಣ್ಣಿಗೆ ಏನಾದ್ರೂ ತಾಗಿದ್ರೆ ಏನೂ ಹಾಕದೆ ಅವತ್ತೇ ಕಣ್ಣಿನ ಡಾಕ್ಟರ ಹತ್ರ ಹೋಗಬೇಕು.

ಈಗ ಅತ್ತೆ ಪ್ರಶ್ನೆಗೆ ಬರ್ತೀನಿ. ಅತ್ತೆ, ನೀವು ಸೋಮವಾರ ತಪ್ಪಿಸದೆ ಶಿವನ ಪೂಜೆ ಮಾಡೋರು. ಕಣ್ಣಪ್ಪ ಶಿವನಿಗೆ ತನ್ನ ಕಣ್ಣನ್ನೇ ಕಿತ್ತು ಕೊಟ್ಟ ಕಥೆ ನಮಗೆಲ್ಲ ಹೇಳಿದ್ದು ನೀವೇ. ಶಿವ ಅವನನ್ನ ಕುರುಡನಾಗೋಕೆ ಬಿಟ್ನಾ? ಕೈ ಹಿಡಿದು ತಡೆದು ತನ್ನ ಹತ್ರ ಇಟ್ಕೊಂಡ. ಕಣ್ಣು ಕೊಟ್ಟೋರಿಗೆ ದೇವರು ಕೆಟ್ಟದ್ದು ಮಾಡ್ತಾನೆ ಅಂತ ನಾನಂತೂ ನಂಬಲ್ಲ. ಡಾ. ರಾಜ್‌ಕುಮಾರ್ 2006ರಲ್ಲಿ ಹೋದಾಗ ಅವರ ಕಣ್ಣು ದಾನ ಮಾಡಿದ್ರು. 2021ರ ಅಕ್ಟೋಬರ್‌ನಲ್ಲಿ ಅಪ್ಪು ಹೋದಾಗ, ಎರಡು ಕಾರ್ನಿಯಾಗಳನ್ನ ಮೇಲಿನ ಪದರ, ಒಳಗಿನ ಪದರ ಅಂತ ಬಿಡಿಸಿ ನಾಲ್ಕು ಜನಕ್ಕೆ ದೃಷ್ಟಿ ಕೊಟ್ರು, ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ. ಅವತ್ತು ನೀವು ಟೀವಿ ಮುಂದೆ ಕೂತು ಎಷ್ಟು ಅತ್ತಿದ್ರಿ.

ಮುಖ ವಿಕಾರ ಆಗತ್ತೆ ಅನ್ನೋ ಭಯಾನೂ ಬೇಡ. ನೇತ್ರ ಬ್ಯಾಂಕಿನವರು ಮನೆಗೇ ಬರ್ತಾರೆ, ಹದಿನೈದು ಇಪ್ಪತ್ತು ನಿಮಿಷದ ಕೆಲಸ, ಆಮೇಲೆ ರೆಪ್ಪೆ ಮುಚ್ಚಿ ಮೊದಲಿನ ಹಾಗೇ ಕಾಣೋ ಥರ ಮಾಡ್ತಾರೆ. ಶಾಸ್ತ್ರಕ್ಕೆ ಏನೂ ಅಡ್ಡಿ ಇಲ್ಲ. ಕನ್ನಡಕ ಇದ್ರೂ, ಸಕ್ಕರೆ ಕಾಯಿಲೆ, ಬಿಪಿ ಇದ್ರೂ, ಪೊರೆ ಆಪರೇಷನ್ ಆಗಿದ್ರೂ ಕೊಡಬಹುದು. ಎಚ್‌ಐವಿ, ಹೆಪಟೈಟಿಸ್, ರೇಬಿಸ್ ಥರದ್ದಿದ್ರೆ ಆಗಲ್ಲ. ಅದಕ್ಕೇ ಸ್ವಲ್ಪ ರಕ್ತಾನೂ ತಗೊಂಡು ಪರೀಕ್ಷೆ ಮಾಡ್ತಾರೆ. ಜೀವ ಹೋಗಿ ಆರು ಗಂಟೆ ಒಳಗೆ ಆಗಬೇಕು, ಅಷ್ಟೇ. ಅಲ್ಲೀವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು, ತಲೆ ಕೆಳಗೆ ದಿಂಬು ಕೊಡಬೇಕು.

ಡಾಕ್ಟರ್ ಒತ್ತಿ ಹೇಳಿದ್ದು ಒಂದಿದೆ. ಫಾರಂಗೆ ಸಹಿ ಮಾಡಿ ಕಾರ್ಡನ್ನ ಬೀರುವಲ್ಲಿ ಇಟ್ಟುಬಿಟ್ರೆ ಕಣ್ಣು ಯಾರಿಗೂ ಸೇರಲ್ಲ. ಆ ಹೊತ್ತಲ್ಲಿ ಫೋನ್ ಮಾಡಬೇಕಾದೋರು, ಒಪ್ಪಿಗೆ ಕೊಡಬೇಕಾದೋರು ಮನೆಯವರು. ಸಹಿ ಮಾಡದೇ ಹೋದವರ ಕಣ್ಣನ್ನೂ ಹತ್ತಿರದ ಸಂಬಂಧಿಕರು ಒಪ್ಪಿದ್ರೆ ಕೊಡಬಹುದು. ಆದ್ರೆ ಅಳ್ತಾ ಕೂತಿರೋ ಮನೇಲಿ ಯಾರು ಮೊದಲು ಬಾಯಿ ಬಿಡ್ತಾರೆ ಹೇಳಿ? ಮೊದಲೇ ಮಾತಾಡ್ಕೊಂಡಿದ್ರೆ ಮಾತ್ರ ಆಗತ್ತೆ.

ನಾನು, ನಮ್ಮನೆಯವರು ಇಬ್ರೂ ಅಲ್ಲೇ ಸಹಿ ಮಾಡಿದೀವಿ. ನಮ್ಮಲ್ಲಿ ಯಾರಿಗೇ ಏನಾದ್ರೂ ನೀವು ಫೋನ್ ಮಾಡಿ, ತಡ ಮಾಡಬೇಡಿ. ನೇತ್ರ ಬ್ಯಾಂಕಿನ ನಂಬರ್ ಇವತ್ತೇ ಗ್ರೂಪಿಗೆ ಹಾಕ್ತೀನಿ, ಎಲ್ರೂ ಸೇವ್ ಮಾಡ್ಕೊಳಿ. ಯುಗಾದಿಗೆ ಊರಲ್ಲಿ ಸೇರ್ತೀವಲ್ಲ, ಖಾಲಿ ಫಾರಂ ತರ್ತೀನಿ. ಅಜ್ಜಿ ಹತ್ರ ನಾನೇ ಮಾತಾಡ್ತೀನಿ, ಚಿಕ್ಕಪ್ಪ, ನೀವು ಪಕ್ಕದಲ್ಲಿದ್ರೆ ಸಾಕು. ಅತ್ತೆ, ಇನ್ನೇನಾದ್ರೂ ಕೇಳೋದಿದ್ರೆ ಸಂಜೆ ಫೋನ್ ಮಾಡಿ, ಮನೇಲೇ ಇರ್ತೀನಿ.