ರೇಸ್ ಬಿಟ್ಟ ಕುದುರೆ ಟ್ರಾಟ್ ಪೋಲ್ ಕಂಡರೆ ಧಾವಿಸುತ್ತದೆ, ಎಡ ಸರ್ಕಲ್‌ನಲ್ಲಿ ಒಳಕ್ಕೆ ಬೀಳುತ್ತದೆ

ಮರಳಂಗಳ:
ಏಳು ವರ್ಷದ ಥರೋಬ್ರೆಡ್ (ರೇಸ್ ತಳಿ) ಗೆಲ್ಡಿಂಗ್, ಅಂದರೆ ಬೀಜ ಒಡೆದ ಗಂಡು ಕುದುರೆ, ಎತ್ತರ 16 ಹ್ಯಾಂಡ್ (ಸುಮಾರು 163 ಸೆಂ.ಮೀ.). ಬೆಂಗಳೂರಿನ ಹೊರವಲಯದಲ್ಲಿ 20x40 ಮೀಟರಿನ ಮರಳು ಅರೀನಾ ಇದೆ. ಸೆಂಟ್ರಿಂಗ್ ಕೆಲಸಕ್ಕೆ ಸಿಗುವ ಸರ್ವೆ ಗಳಗಳನ್ನು 10 ಅಡಿಗೆ ಕತ್ತರಿಸಿ, ಮೂರೂವರೆ ಅಡಿ ಅಂತರದಲ್ಲಿ ನೆಲದ ಮೇಲೆ ಅಡ್ಡಲಾಗಿ ಐದು ಪೋಲ್ ಹಾಕಿದ್ದೇನೆ. ವಾಕ್‌ನಲ್ಲಿ ತಕರಾರಿಲ್ಲ. ಟ್ರಾಟ್‌ನಲ್ಲಿ (ಕುಕ್ಕುಲೋಟ) ಮೂರನೆಯದಕ್ಕೆ ಗೊರಸು ಬಡಿಯುತ್ತದೆ, ಕೊನೆಯ ಎರಡನ್ನು ಒಟ್ಟಿಗೆ ಹಾರಿಬಿಡುತ್ತದೆ. ಲಗಾಮು ಹಿಡಿದಷ್ಟೂ ವೇಗ ಹೆಚ್ಚು. ಎಡ ಸರ್ಕಲ್‌ನಲ್ಲಿ ಭುಜ ಒಳಕ್ಕೆ ಹಾಕಿ, 20 ಮೀಟರ್ ಇದ್ದದ್ದು 15 ಆಗುತ್ತದೆ. ಪೋಲ್ ಬಿಟ್ಟು ಬರೀ ಫ್ಲಾಟ್‌ವರ್ಕ್ ಮಾಡಲೇ?

ಲಾಯದ ಕಟ್ಟೆ:
ಮೂರೂವರೆ ಅಡಿ ಎಂದರೆ ಸುಮಾರು 1.07 ಮೀಟರ್. ಅದು ವಾಕ್‌ಗೂ ಅಲ್ಲ, ಟ್ರಾಟ್‌ಗೂ ಅಲ್ಲ. ವಾಕ್‌ಗೆ 80ರಿಂದ 90 ಸೆಂ.ಮೀ. ಬೇಕು, 16 ಹ್ಯಾಂಡ್ ಥರೋಬ್ರೆಡ್‌ನ ಟ್ರಾಟ್‌ಗೆ ಸಾಮಾನ್ಯವಾಗಿ 1.3 ಮೀಟರ್ ಆಸುಪಾಸು. ಮೊದಲ ಎರಡನ್ನು ಹೆಜ್ಜೆ ಮೊಟಕು ಮಾಡಿಕೊಂಡು ದಾಟುತ್ತದೆ, ಮೂರನೆಯದಕ್ಕೆ ಜಾಗ ಸಾಲದೆ ಬಡಿಯುತ್ತದೆ, ಆಮೇಲೆ ಹಾರುವುದೊಂದೇ ದಾರಿ. ಕುದುರೆಯದು ತಪ್ಪಿಲ್ಲ.

ಪುಸ್ತಕದ ಅಳತೆಗಿಂತ ನಿಮ್ಮ ಕುದುರೆಯ ಅಳತೆ ಮುಖ್ಯ. ಮರಳನ್ನು ಕುಂಟೆ ಎಳೆದು ಸಮ ಮಾಡಿ, ಶಾಂತ ಟ್ರಾಟ್‌ನಲ್ಲಿ ನೇರ ಹೋಗಿ. ಒಂದೇ ಕಾಲಿನ ಗುರುತಿನಿಂದ ಅದೇ ಕಾಲಿನ ಮುಂದಿನ ಗುರುತಿಗೆ ಟೇಪ್ ಹಿಡಿದು ಅರ್ಧ ಮಾಡಿ. 2.6 ಮೀಟರ್ ಬಂದರೆ ಅಂತರ 1.3. ಪೋಲ್‌ನ ನಡುವಿನಿಂದ ನಡುವಿಗೆ ಅಳೆಯಬೇಕು. ಸರ್ವೆ ಗಳ ಒಂದು ತುದಿ ದಪ್ಪ, ಒಂದು ತುದಿ ಸಪೂರ ಇರುವುದರಿಂದ ಅಂಚಿನಿಂದ ಅಳೆದರೆ ಮೋಸ ಹೋಗುತ್ತೀರಿ.

ಇನ್ನು ಉರುಳುವ ವಿಷಯ. ದುಂಡನೆಯ ಗಳದ ಮೇಲೆ ಗೊರಸು ಬಿದ್ದು ಅದು ಉರುಳಿದರೆ ಕಾಲಿನ ಗಂಟು ತಿರುಚಿಕೊಳ್ಳುತ್ತದೆ. ಬಡಗಿಯಿಂದ ಒಂದು ಬದಿ ಚಪ್ಪಟೆ ಹೊಡೆಸಿ, ಇಲ್ಲವೇ ಎರಡೂ ತುದಿಗೆ ಮರಳು ಚೀಲ ಒತ್ತಿಡಿ. ಗೂಟ ಮಾತ್ರ ಹೊಡೆಯಬೇಡಿ. ದಪ್ಪ 4 ಇಂಚಿನಷ್ಟಿರಲಿ, ಸಪೂರದವನ್ನು ಕುದುರೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೇಲೆ ಬಿಳಿ ಬಣ್ಣದ ಪಟ್ಟೆ ಬಳಿಯಿರಿ.

ಒಂದು ಪೋಲ್‌ನಿಂದ ಶುರು ಮಾಡಿ, ನಂತರ ನೇರ ಮೂರಕ್ಕೆ ಹೋಗಿ. ಒಂದು ಹೆಜ್ಜೆ ಅಂತರದ ಎರಡು ಪೋಲ್ ಅಗಲ ಬೇಲಿಯಂತೆ ಕಂಡು ಒಂದೇ ನೆಗೆತಕ್ಕೆ ದಾಟಲು ನೋಡುತ್ತದೆ. ಎರಡೇ ಬೇಕೆಂದರೆ 2.6 ಮೀಟರ್ ಬಿಡಿ.

ಅರ್ಧಸುತ್ತು:
ಅಂತರ ಸರಿ ಮಾಡಿದರೂ ಧಾವಿಸುವುದು ಪೂರ್ತಿ ನಿಲ್ಲದು. ರೇಸ್ ಟ್ರ್ಯಾಕ್‌ನಲ್ಲಿ ಲಗಾಮು ಬಿಗಿಯಾದರೆ ಅದಕ್ಕೆ ಒರಗಿಕೊಂಡು ಓಡುವುದೇ ಅಭ್ಯಾಸ. ನೀವು ಎಳೆದಷ್ಟೂ ಅದು ಒರಗುತ್ತದೆ. ಹಿಡಿದು ಕೂರಬೇಡಿ, ಬೆರಳು ಮುಚ್ಚಿ, ಒಂದು ಹೆಜ್ಜೆ ಕಾದು, ತೆರೆಯಿರಿ. ವೇಗವನ್ನು ರೈಸಿಂಗ್‌ನಲ್ಲಿ (ಟ್ರಾಟ್ ಲಯಕ್ಕೆ ಜೀನಿನಿಂದ ಎದ್ದು ಕೂರುವುದು) ನಿಯಂತ್ರಿಸಿ: ನೀವು ಏಳುವ ಲಯ ನಿಧಾನವಾದರೆ ಕೆಳಗಿನ ಹೆಜ್ಜೆಯೂ ನಿಧಾನವಾಗುತ್ತದೆ. ಪೋಲ್ ಹತ್ತಿರ ಮುಂದಕ್ಕೆ ಬಾಗಿ ಕೆಳಗೆ ನೋಡುವ ಸವಾರನೇ ಅರ್ಧ ಧಾವಂತಕ್ಕೆ ಕಾರಣ.

ಪೋಲ್‌ಗಳನ್ನು ಗೋಡೆ ಬದಿಯ ಟ್ರ್ಯಾಕ್‌ನಲ್ಲಿ ಇಡದೆ ಮೂರು ಮೀಟರ್ ಒಳಗಿಡಿ. ಮುಂಚೆ ಒಂದು 20 ಮೀಟರ್ ಸರ್ಕಲ್. ಲಯ ಸರಿಯಿದ್ದರೆ ಪೋಲ್‌ಗೆ, ಇಲ್ಲದಿದ್ದರೆ ಪಕ್ಕದಿಂದ ಹಾದು ಮತ್ತೆ ಸರ್ಕಲ್‌ಗೆ. ಪೋಲ್ ಕಂಡ ಕೂಡಲೇ ದಾಟಲೇಬೇಕೆಂಬ ನಿರೀಕ್ಷೆ ಹೀಗೆ ಮುರಿಯುತ್ತದೆ. ದಾಟಿದ ಮೇಲೆ ಐದಾರು ಹೆಜ್ಜೆ ವಾಕ್, ಮತ್ತೆ ಟ್ರಾಟ್.

ಎಡಭುಜದ ಮಾತು: ಎಡ ಲಗಾಮು ಎಳೆದರೆ ಕತ್ತು ಮಾತ್ರ ಬಾಗುತ್ತದೆ, ಭುಜ ಇನ್ನಷ್ಟು ಒಳಬರುತ್ತದೆ. ಎಡಗಾಲನ್ನು ಗರ್ತ್ (ಜೀನಿನ ಹೊಟ್ಟೆಪಟ್ಟಿ) ಬಳಿ ಒತ್ತಿ, ಬಲ ಲಗಾಮಿಗೆ ಸಂಪರ್ಕ ಕೊಡಿ, ಎರಡು ಮೂರು ಹೆಜ್ಜೆ ಮೂತಿಯನ್ನು ತುಸು ಬಲಕ್ಕೆ ತಿರುಗಿಸಿ ಬಿಡಿ. ಸರ್ಕಲ್ ಬದಲು 15 ಮೀಟರ್ ಚೌಕ ಮಾಡಿದರೆ ಮೂಲೆಯಲ್ಲಿ ಭುಜವನ್ನು ತಿರುಗಿಸಲೇಬೇಕಾಗುತ್ತದೆ. ನನಗೆ ಇದು ಸರ್ಕಲ್‌ಗಿಂತ ಹೆಚ್ಚು ಪ್ರಾಮಾಣಿಕ ವ್ಯಾಯಾಮ ಅನಿಸುತ್ತದೆ.

ಮರಳಂಗಳ:
ಧನ್ಯವಾದ. ಸರ್ಕಲ್ ಮೇಲೆಯೇ ಬೀಸಣಿಗೆ ಆಕಾರದಲ್ಲಿ ಪೋಲ್ ಇಟ್ಟರೆ ಎರಡೂ ಒಟ್ಟಿಗೆ ಸರಿಹೋಗುವುದಿಲ್ಲವೇ? ಒಳತುದಿ 60 ಸೆಂ.ಮೀ. ಸಾಕಾ?

ಲಾಯದ ಕಟ್ಟೆ:
ಸಾಲದು. 3 ಮೀಟರಿನ ಪೋಲ್‌ಗೆ ನಡುವೆ 1.3, ಒಳತುದಿಗೆ 0.6 ಇಟ್ಟರೆ ಅದು ಮೂರು ಮೀಟರೂ ಇಲ್ಲದ ತ್ರಿಜ್ಯದ ಸುತ್ತಾಗುತ್ತದೆ. ಈ ಹಂತದ ಕುದುರೆ ಅಲ್ಲಿ ಖಂಡಿತ ಭುಜ ಹಾಕುತ್ತದೆ. 20 ಮೀಟರ್ ಸರ್ಕಲ್‌ಗೆ ಒಳಗೆ 1.1, ನಡುವೆ 1.3, ಹೊರಗೆ 1.5. ಕಣ್ಣಿಗೆ ಬೀಸಣಿಗೆ ಅನ್ನಿಸುವುದೇ ಇಲ್ಲ, ಅಷ್ಟು ಕಡಿಮೆ ಕೋನ. ಆದರೆ ಇದು ಈಗಲ್ಲ. ನೇರ ಮೂರು ಪೋಲ್‌ಗಳನ್ನು ಎಡ ಬಲ ಎರಡೂ ದಿಕ್ಕಿಗೆ ಲಯ ಬದಲಿಸದೆ ದಾಟಿದ ಮೇಲೆ.

ಒಟ್ಟು ಸವಾರಿಯಲ್ಲಿ ಪೋಲ್‌ಗೆ 10 ನಿಮಿಷ, ವಾರಕ್ಕೆ ಎರಡು ಸಲ ಸಾಕು. ಅದಕ್ಕೂ ಮೊದಲು ಸಡಿಲ ಲಗಾಮಿನಲ್ಲಿ 10 ನಿಮಿಷ ವಾಕ್. ಸಡಿಲ ಮರಳು ಆಳವಾಗಿದ್ದರೆ ಸ್ನಾಯುರಜ್ಜುಗಳಿಗೆ ಭಾರ, ಅಲ್ಲಿ ಪೋಲ್ ಇಡಬೇಡಿ.

ಅರ್ಧಸುತ್ತು:
ಒಂದು ಸೇರಿಸುತ್ತೇನೆ. ಪೋಲ್ ಮೇಲೆ ಬೆನ್ನು ತಗ್ಗಿಸಿ ತಲೆ ಎತ್ತಿದರೆ, ಜೀನು ಕಟ್ಟುವಾಗ ಕಿವಿ ಹಿಂದಕ್ಕೆ ಹಾಕಿದರೆ, ತರಬೇತಿ ನಿಲ್ಲಿಸಿ ಪಶುವೈದ್ಯರಿಗೆ ಬೆನ್ನು ತೋರಿಸಿ. ರೇಸ್ ಕುದುರೆಗಳಲ್ಲಿ ಹೊಟ್ಟೆ ಹುಣ್ಣೂ ಸಾಮಾನ್ಯ. ನೀವು ಕೂತ ಮೇಲೂ ಹೆಗಲುದಿಬ್ಬಕ್ಕೂ ಜೀನಿಗೂ ನಡುವೆ ಎರಡು ಮೂರು ಬೆರಳು ಸಲೀಸಾಗಿ ಹೋಗಬೇಕು. ಥರೋಬ್ರೆಡ್‌ಗಳ ಹೆಗಲುದಿಬ್ಬ ಎತ್ತರ, ಬೇರೆ ಕುದುರೆಗೆ ಕೊಂಡ ಹಳೇ ಜೀನು ಅಲ್ಲೇ ಒತ್ತುವುದು.